ಬಣ್ಣದ ಕೆಳಗಿನ ನೀರು: ತಗಡಿನ ಪೆಟ್ಟಿಗೆಯ ಆಯುಷ್ಯ ನಿರ್ಧಾರವಾಗುವುದೆಲ್ಲಿ?

ರಾಷ್ಟ್ರೀಯ ಹೆದ್ದಾರಿ 50ರ ಮೇಲಿರುವ ಮನಗೂಳಿಯಿಂದ ಯಾವ ದಿಕ್ಕಿಗೆ ಹೊರಟರೂ ಹೊಲಗಳಲ್ಲಿ ಒಂದು ವಸ್ತು ತಪ್ಪದೆ ಕಣ್ಣಿಗೆ ಬೀಳುತ್ತದೆ. ಅದು ಕೊಳವೆಬಾವಿಯ ಪಕ್ಕದಲ್ಲಿ ಕಂಬಕ್ಕೋ ಗೋಡೆಗೋ ಬಿಗಿದಿರುವ ತಗಡಿನ ಸ್ಟಾರ್ಟರ್ ಪೆಟ್ಟಿಗೆ. ಅಂಗಡಿಯಿಂದ ತಂದ ದಿನ ಎಲ್ಲ ಪೆಟ್ಟಿಗೆಗಳೂ ಒಂದೇ ತೆರನಾಗಿ ಹೊಳೆಯುತ್ತವೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅವುಗಳ ಹಣೆಬರಹ ಬೇರೆಯಾಗುತ್ತದೆ. ಕೆಲವು ಹೊಳಪು ಕಳೆದುಕೊಂಡರೂ ಗಟ್ಟಿಯಾಗಿ ಉಳಿಯುತ್ತವೆ. ಇನ್ನು ಕೆಲವುಗಳ ಮೇಲೆ ಮೊದಲು ಸಾಸಿವೆಕಾಳಿನಂಥ ಗುಳ್ಳೆಗಳೇಳುತ್ತವೆ, ಬಳಿಕ ಬಣ್ಣವು ಹಪ್ಪಳದಂತೆ ಎದ್ದುಬರುತ್ತದೆ, ಕೊನೆಗೆ ಕೆಳಗಿನ ಅಂಚಿನಿಂದ ಜಂಗು ಹತ್ತಿ ತಗಡೇ ತೂತಾಗುತ್ತದೆ. ಮದುವೆಯಲ್ಲಿ ಬಳುವಳಿಯಾಗಿ ಬರುವ ತಿಜೋರಿಯ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಗೋಡೆಗೆ ತಾಗಿದ ಬೆನ್ನು ಮತ್ತು ನೆಲ ಒರೆಸುವ ನೀರು ತಾಗುವ ಕಾಲುಗಳು ಮೊದಲು ಕೆಡುತ್ತವೆ.

ಉಳಿದ ಪೆಟ್ಟಿಗೆಗೂ ಕೆಟ್ಟ ಪೆಟ್ಟಿಗೆಗೂ ಅಂಗಡಿಯಲ್ಲಿ ಹೇಳುವ ಮಾತು ಒಂದೇ: ‘ಪೌಡರ್ ಕೋಟಿಂಗ್ ಮಾಡಿದ್ದು’. ಆ ಮಾತು ಸುಳ್ಳಲ್ಲ. ಆದರೆ ಅದು ಕೊನೆಯ ಅರ್ಧ ಗಂಟೆಯ ಕೆಲಸವನ್ನಷ್ಟೇ ಹೇಳುತ್ತದೆ. ಪೆಟ್ಟಿಗೆಯ ಆಯುಷ್ಯವು ಅದಕ್ಕೂ ಮೊದಲು, ಬಣ್ಣದ ಪುಡಿ ಇನ್ನೂ ಚೀಲದಲ್ಲಿರುವಾಗಲೇ, ತೊಳೆಯುವ ತೊಟ್ಟಿಗಳ ಸಾಲಿನಲ್ಲಿ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ನೀರೇ ಸವಳಾಗಿರುವ ವಿಜಯಪುರ ಜಿಲ್ಲೆಯಂಥ ಸೀಮೆಯಲ್ಲಿ ಈ ಸಂಗತಿಗೆ ವಿಶೇಷ ಮಹತ್ವವಿದೆ.

ಪುಡಿಯೇ ಬಣ್ಣವಾಗುವ ಬಗೆ

ಡಬ್ಬಿಯಲ್ಲಿ ಬರುವ ಸಾಮಾನ್ಯ ಬಣ್ಣದ ದೊಡ್ಡ ಭಾಗ ದ್ರಾವಕ. ಬಣ್ಣ ಒಣಗುವುದೆಂದರೆ ಆ ದ್ರಾವಕವು ಗಾಳಿಗೆ ಸೇರಿಹೋಗುವುದು. ಪೌಡರ್ ಕೋಟಿಂಗಿನಲ್ಲಿ ದ್ರಾವಕವೇ ಇಲ್ಲ. ರಾಳ, ಅದನ್ನು ಗಟ್ಟಿಗೊಳಿಸುವ ರಾಸಾಯನಿಕ, ವರ್ಣದ್ರವ್ಯ ಮತ್ತು ಭರ್ತಿ ಪದಾರ್ಥಗಳನ್ನು ಕರಗಿಸಿ ಬೆರೆಸಿ, ತಣಿಸಿ, ಬೀಸಿ, ಜರಡಿ ಹಿಡಿದ ಒಣ ಹುಡಿಯೇ ಇಲ್ಲಿ ಬಣ್ಣ. 1950ರ ದಶಕದ ಆರಂಭದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಎಂಬ ವಿಜ್ಞಾನಿ, ಗಾಳಿಯೂದಿ ತೇಲಾಡುವಂತೆ ಮಾಡಿದ ಪುಡಿಯ ತೊಟ್ಟಿಯೊಳಗೆ ಕಾಯಿಸಿದ ಲೋಹವನ್ನು ಅದ್ದಿ ಲೇಪ ಕೂಡಿಸುವ ವಿಧಾನವನ್ನು ರೂಪಿಸಿದರು. 1960ರ ದಶಕದಲ್ಲಿ ವಿದ್ಯುದಾವೇಶ ಕೊಟ್ಟು ಪುಡಿಯನ್ನು ಸಿಂಪಡಿಸುವ ಗನ್ ಬಂದ ಮೇಲೆ, ದಪ್ಪ ಲೇಪಕ್ಕಷ್ಟೇ ಸೀಮಿತವಾಗಿದ್ದ ಈ ವಿದ್ಯೆ ತೆಳು ತಗಡಿನ ಕಪಾಟು, ಫ್ಯಾನು, ಸೈಕಲ್ಲುಗಳಿಗೂ ಹರಡಿತು.

ಕರ್ನಾಟಕದಲ್ಲಿ ಈ ಕೆಲಸದ ದೊಡ್ಡ ನೆಲೆ ಬೆಂಗಳೂರಿನ ಪೀಣ್ಯ. ಉತ್ತರ ಕರ್ನಾಟಕದಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್‌ನಂಥ ಕೈಗಾರಿಕಾ ಪ್ರದೇಶಗಳಲ್ಲಿ ತಗಡಿನ ಕೆಲಸ ಬೇರೂರಿದೆ. ಹಿಂದಿನ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಕೂಡಗಿಯಲ್ಲಿ 800 ಮೆಗಾವಾಟಿನ 3 ಘಟಕಗಳ ಉಷ್ಣ ವಿದ್ಯುತ್ ಸ್ಥಾವರವಿದೆ. ಅಂಥ ಸ್ಥಾವರದಲ್ಲಿ ಮೋಟಾರು, ಪಂಪು, ಬೆಲ್ಟು ಎಲ್ಲದರ ನಿಯಂತ್ರಣವೂ ಸಾಲುಸಾಲಾದ ಉಕ್ಕಿನ ಪ್ಯಾನಲ್‌ಗಳೊಳಗೆ ಅಡಗಿರುತ್ತದೆ. ಹೊಲದ ಸ್ಟಾರ್ಟರ್ ಪೆಟ್ಟಿಗೆಗೂ ಆ ಪ್ಯಾನಲ್ಲಿಗೂ ಗಾತ್ರದಲ್ಲಿ ಅಜಗಜಾಂತರವಿದ್ದರೂ ಲೇಪದ ಕ್ರಮ ಒಂದೇ.

ಏಳು ತೊಟ್ಟಿಗಳ ಸಾಲು

ಕಪಾಟಿಗೆ ಬಳಸುವ ತಗಡು ತಣ್ಣಗಿದ್ದಾಗ ಲಟ್ಟಿಸಿ ಹದಗೊಳಿಸಿದ ಉಕ್ಕು. ಕಾರ್ಖಾನೆಯವರು ಇದನ್ನು ಸಿಆರ್‌ಸಿಎ ಎನ್ನುತ್ತಾರೆ. ಅದು ಗಿರಣಿಯಿಂದ ಬರುವಾಗಲೇ ಜಂಗು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಕತ್ತರಿಸುವಾಗ, ಮಡಚುವಾಗ, ಬೆಸೆಯುವಾಗ ಅದರ ಮೇಲೆ ಮತ್ತಷ್ಟು ಎಣ್ಣೆ, ಬೆವರಿನ ಕೈಗುರುತು, ಬೆಸುಗೆಯ ಕರಿ ಸೇರಿಕೊಳ್ಳುತ್ತವೆ. ಇವುಗಳ ಮೇಲೆ ಎಷ್ಟೇ ಬೆಲೆಯ ಪುಡಿ ಸಿಂಪಡಿಸಿದರೂ ಅದು ಧೂಳಿನ ಮೇಲೆ ಸಾರಿಸಿದ ಸಗಣಿಯಂತೆ ಪದರಾಗಿ ಎದ್ದುಬರುತ್ತದೆ.

ಆದ್ದರಿಂದ ತಗಡನ್ನು ತೊಟ್ಟಿಯಿಂದ ತೊಟ್ಟಿಗೆ ಅದ್ದುತ್ತ ಸಾಗುವ ವ್ಯವಸ್ಥೆ ಬಂದಿದೆ. ಇದು ‘ಸೆವೆನ್ ಟ್ಯಾಂಕ್’ ಎಂಬ ಹೆಸರಿನಲ್ಲೇ ಪ್ರಸಿದ್ಧ. ತೊಟ್ಟಿಗಳ ಎಣಿಕೆ ಕಾರ್ಖಾನೆಯಿಂದ ಕಾರ್ಖಾನೆಗೆ ಹೆಚ್ಚುಕಡಿಮೆಯಾದರೂ ಕ್ರಮ ಬದಲಾಗುವುದಿಲ್ಲ. ಮೊದಲನೆಯದರಲ್ಲಿ ಬಿಸಿ ಕ್ಷಾರದ ನೀರು ಎಣ್ಣೆಯನ್ನು ಬಿಡಿಸುತ್ತದೆ. ಒಮ್ಮೆ ನೀರಿನಲ್ಲಿ ಜಾಲಿಸಿದ ನಂತರ ಆಮ್ಲದ ತೊಟ್ಟಿ ಜಂಗನ್ನು ತಿನ್ನುತ್ತದೆ. ಮತ್ತೆ ನೀರು. ಆಮೇಲೆ ಬರುವುದು ಫಾಸ್ಫೇಟಿಂಗ್.

ಇಡೀ ಸಾಲಿನ ಜೀವಾಳ ಇದೇ. ತೊಟ್ಟಿಯಲ್ಲಿರುವುದು ಫಾಸ್ಫಾರಿಕ್ ಆಮ್ಲದಲ್ಲಿ ಕರಗಿದ ಸತುವಿನ ಫಾಸ್ಫೇಟ್. ಆಮ್ಲವು ಉಕ್ಕಿನ ಮೇಲ್ಮೈಯನ್ನು ಅತಿ ಸ್ವಲ್ಪವಾಗಿ ಕೊರೆಯುತ್ತದೆ. ಹಾಗೆ ಕೊರೆಯುವಲ್ಲಿಯೇ ಆಮ್ಲದ ತೀಕ್ಷ್ಣತೆ ಕುಗ್ಗುತ್ತದೆ. ಕುಗ್ಗಿದೊಡನೆ ಅಲ್ಲಿ ಸತುವಿನ ಫಾಸ್ಫೇಟ್ ಕರಗಿ ಉಳಿಯಲಾರದೆ, ತಗಡಿನ ಮೈಮೇಲೆ ಸಣ್ಣ ಹರಳುಗಳಾಗಿ ಕೂಡುತ್ತದೆ. ಅಂದರೆ ಈ ಪದರವನ್ನು ಹೊರಗಿನಿಂದ ಯಾರೂ ಬಳಿಯುವುದಿಲ್ಲ, ತಗಡೇ ಅದನ್ನು ತನ್ನ ಮೇಲೆ ಬೆಳೆಸಿಕೊಳ್ಳುತ್ತದೆ. ಚದರ ಮೀಟರಿಗೆ ಎರಡು ಮೂರು ಗ್ರಾಂ ಮಾತ್ರವಿರುವ ಈ ಬೂದು ಪದರ ಎರಡು ಕೆಲಸ ಮಾಡುತ್ತದೆ. ಗಾರೆಗೆ ಒರಟು ಗೋಡೆ ಹಿಡಿತ ಕೊಡುವಂತೆ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಮುಂದೆ ಎಂದಾದರೂ ಬಣ್ಣಕ್ಕೆ ಗೀರು ಬಿದ್ದರೆ, ಜಂಗು ಬಣ್ಣದ ಅಡಿಯಲ್ಲಿ ತೆವಳಿ ಹಬ್ಬುವುದನ್ನು ತಡೆಯುತ್ತದೆ. ಹರಳು ಸಣ್ಣದಾಗಿಯೂ ಒತ್ತಾಗಿಯೂ ಇರಲೆಂದು ಫಾಸ್ಫೇಟಿಂಗಿಗೆ ಮೊದಲು ಟೈಟಾನಿಯಂ ಲವಣದ ತೊಟ್ಟಿಯಲ್ಲಿ ಅದ್ದುವ ಪದ್ಧತಿಯೂ ಇದೆ. ಕೆಲಸ ಅವಸರದ್ದಾದಾಗ ಅನೇಕ ಕಡೆ ಮೊದಲು ಕೈಬಿಡುವುದು ಈ ಹಂತವನ್ನೇ.

ಕುಡಿಯುವ ನೀರೂ ಸಾಲದು

ಎಣ್ಣೆ, ಆಮ್ಲ, ಫಾಸ್ಫೇಟುಗಳ ಬಗ್ಗೆ ತೋರುವ ಕಾಳಜಿಯನ್ನು ನಡುನಡುವೆ ಬರುವ ನೀರಿನ ತೊಟ್ಟಿಗಳ ಬಗ್ಗೆ ತೋರುವವರು ಕಡಿಮೆ. ‘ನೀರು ತಾನೆ’ ಎಂಬ ಉದಾಸೀನ. ಗುಳ್ಳೆಯ ಮೂಲ ಬಹಳ ಸಲ ಇರುವುದು ಇಲ್ಲಿಯೇ.

ಫಾಸ್ಫೇಟಿಂಗಿನ ನಂತರ ತಗಡನ್ನು ಜಾಲಿಸುವ ಕೊನೆಯ ನೀರು ಒಣಗಿದಾಗ, ಅದರಲ್ಲಿ ಕರಗಿದ್ದ ಲವಣಗಳು ತಗಡಿನ ಮೇಲೆಯೇ ಉಳಿಯುತ್ತವೆ. ಅವುಗಳ ಮೇಲೆ ಬಣ್ಣದ ಪದರ ಕೂಡುತ್ತದೆ. ಬಣ್ಣದ ಪದರ ನೀರನ್ನು ತಡೆಯುತ್ತದೆ ಎಂಬುದು ಪೂರ್ತಿ ನಿಜವಲ್ಲ. ಆವಿಯ ರೂಪದ ನೀರು ನಿಧಾನವಾಗಿಯಾದರೂ ಅದರ ಮೂಲಕ ಹಾಯುತ್ತದೆ. ಅಡಿಯಲ್ಲಿ ಉಪ್ಪಿದ್ದರೆ ಅದು ಆ ತೇವವನ್ನು ತನ್ನೆಡೆಗೆ ಸೆಳೆದು ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುವುದನ್ನು ಕಂಡವರಿಗೆ ಇದು ಹೊಸದಲ್ಲ. ಹೀಗೆ ಸೇರಿದ ನೀರು ಬಣ್ಣವನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಅದೇ ಗುಳ್ಳೆ. ಗುಳ್ಳೆ ಒಡೆದರೆ ಅದರ ಕೆಳಗೆ ಉಪ್ಪುನೀರು ಮತ್ತು ಉಕ್ಕು ಮುಖಾಮುಖಿಯಾಗಿರುತ್ತವೆ.

ಅಂಕಿಗಳನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟ. ನೀರಿನಲ್ಲಿ ಲವಣ ಹೆಚ್ಚಿದಷ್ಟೂ ವಿದ್ಯುತ್ತು ಅದರಲ್ಲಿ ಸಲೀಸಾಗಿ ಹರಿಯುತ್ತದೆ. ಈ ಗುಣವನ್ನು ಅಳೆಯುವ ಮಾನ ಮೈಕ್ರೊಸೀಮೆನ್ಸ್. ಅಲ್ಯೂಮಿನಿಯಂ ಲೇಪನಕ್ಕೆ ಯುರೋಪಿನ ಕ್ವಾಲಿಕೋಟ್ ಸಂಸ್ಥೆ ವಿಧಿಸಿರುವ ನಿಯಮದಂತೆ, ಕೊನೆಯ ಜಾಲಿಕೆಯ ನಂತರ ತಗಡಿನಿಂದ ತೊಟ್ಟಿಕ್ಕುವ ನೀರು ಸೆಂಟಿಮೀಟರಿಗೆ 30 ಮೈಕ್ರೊಸೀಮೆನ್ಸ್ ಮೀರಬಾರದು. ಉಕ್ಕಿನ ಕೆಲಸದಲ್ಲಿಯೂ ಒಳ್ಳೆಯ ಕಾರ್ಖಾನೆಗಳು ಇದರ ಆಸುಪಾಸನ್ನೇ ಗುರಿಯಾಗಿಟ್ಟುಕೊಳ್ಳುತ್ತವೆ. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಲವಣವನ್ನು ಒಪ್ಪುತ್ತದೆ. ಬೇರೆ ನೀರಿಲ್ಲದಿದ್ದರೆ 2,000ದವರೆಗೆ ಸಹಿಸುತ್ತದೆ. 500 ಮಿಲಿಗ್ರಾಂ ಎಂದರೆ ಹೆಚ್ಚುಕಡಿಮೆ 750 ಮೈಕ್ರೊಸೀಮೆನ್ಸ್. ಅಂದರೆ ಕುಡಿಯಲು ಯಾವ ತಕರಾರೂ ಇಲ್ಲದ ನೀರು ಕೂಡ ತಗಡಿನ ಕೊನೆಯ ಸ್ನಾನಕ್ಕೆ ಇರಬೇಕಾದುದಕ್ಕಿಂತ 25 ಪಟ್ಟು ಉಪ್ಪಾಗಿದೆ.

ಇನ್ನು ವಿಜಯಪುರ ಜಿಲ್ಲೆಯ ನೀರು. ಜಿಲ್ಲೆಯ ನಡುವೆ ಹರಿಯುವ ಡೋಣಿ ನದಿಯ ಸವಳು ಎಲ್ಲರಿಗೂ ಗೊತ್ತಿರುವಂಥದು. ಎರೆಭೂಮಿಯ ಕೊಳವೆಬಾವಿಗಳ ನೀರು ಅನೇಕ ಕಡೆ ಗಡಸು. ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವ ಆ ನೀರು ತಗಡಿನ ಮೇಲೂ ಅದನ್ನೇ ಕಟ್ಟುತ್ತದೆ. ಮನಗೂಳಿಗೆ ಸಮೀಪದ ಮುಳವಾಡದಲ್ಲಾಗಲಿ ವಿಜಯಪುರದ ಮಹಲ ಬಾಗಾಯತದಲ್ಲಾಗಲಿ ಯಾರಾದರೂ ಇಂಥ ಘಟಕ ಹೂಡಬಯಸಿದರೆ ಗನ್ ಮತ್ತು ಓವನ್‌ಗಳ ಬೆಲೆ ವಿಚಾರಿಸುವುದಕ್ಕೆ ಮೊದಲು ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳಿಸುವುದು ಲೇಸು.

ಪರಿಹಾರ ದುಸ್ಸಾಧ್ಯವೇನಲ್ಲ. ಹಳ್ಳಿಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಬಳಸುವ ಆರ್‌ಒ ಯಂತ್ರವೇ ಲವಣದ ಶೇ 90ಕ್ಕಿಂತ ಹೆಚ್ಚಿನ ಭಾಗವನ್ನು ತೆಗೆಯಬಲ್ಲದು. ಅದರ ಮುಂದೆ ಅಯಾನು ತೆಗೆಯುವ ರಾಳದ ಸ್ತಂಭವನ್ನು ಜೋಡಿಸಿದರೆ ಬೇಕಾದ ಮಟ್ಟ ದೊರೆಯುತ್ತದೆ. ಎಲ್ಲ ತೊಟ್ಟಿಗಳಿಗೂ ಈ ನೀರು ಬೇಕಿಲ್ಲ, ಕೊನೆಯದಕ್ಕೆ ಸಾಕು. ಕೊನೆಯ ತೊಟ್ಟಿಯಿಂದ ತುಳುಕಿದ ನೀರನ್ನು ಅದರ ಹಿಂದಿನದಕ್ಕೆ, ಅಲ್ಲಿಂದ ಅದಕ್ಕೂ ಹಿಂದಿನದಕ್ಕೆ ಹರಿಸಿದರೆ, ತಗಡು ಮುಂದಕ್ಕೂ ನೀರು ಹಿಂದಕ್ಕೂ ಸಾಗಿ ಒಂದೇ ಕೊಡದ ನೀರು ಎರಡು ಮೂರು ಸಲ ದುಡಿಯುತ್ತದೆ. ಬರದ ಸೀಮೆಗೆ ಇದು ತಕ್ಕ ಉಪಾಯ.

ತೊಟ್ಟಿಗಳಿಂದ ಹೊರಬೀಳುವುದರ ಲೆಕ್ಕವೂ ಇರಬೇಕು. ಫಾಸ್ಫೇಟಿಂಗಿನ ತಳದಲ್ಲಿ ಕೂಡುವ ಕೆಸರನ್ನು ಅಪಾಯಕಾರಿ ತ್ಯಾಜ್ಯಗಳ 2016ರ ಕೇಂದ್ರ ನಿಯಮಾವಳಿ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಅದನ್ನು ಹಳ್ಳಕ್ಕೆ ಸುರಿಯುವಂತಿಲ್ಲ. ಹಿಂದೆ ಫಾಸ್ಫೇಟ್ ಪದರವನ್ನು ಭದ್ರಪಡಿಸಲು ಕೊನೆಯಲ್ಲಿ ಕ್ರೋಮೇಟ್ ದ್ರಾವಣದಲ್ಲಿ ಅದ್ದುವುದು ರೂಢಿಯಾಗಿತ್ತು. ಅದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತಿರುವುದು ದಾಖಲಾದ ಸಂಗತಿ. ಅದಕ್ಕೆ ಮುಖ್ಯ ಹೊಣೆ ಎಲೆಕ್ಟ್ರೋಪ್ಲೇಟಿಂಗ್ ಎಂದು ಪರಿಗಣಿಸಲಾಗಿದೆಯಾದರೂ ಲೋಹ ತೊಳೆಯುವ ಯಾವ ಕಸುಬೂ ಆ ಪಾಠದಿಂದ ಹೊರತಲ್ಲ. 2009ರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂಚ್ಯಂಕದಲ್ಲಿ ಪೀಣ್ಯ ತೀವ್ರ ಮಾಲಿನ್ಯದ ಪ್ರದೇಶಗಳ ಸಾಲಿನಲ್ಲಿತ್ತು. ಕ್ರೋಮಿಯಂ ಇಲ್ಲದ ಬದಲಿ ದ್ರಾವಣಗಳು ಈಗ ಸುಲಭವಾಗಿ ದೊರೆಯುತ್ತವೆ. ಕೊಳವೆಬಾವಿಯನ್ನೇ ನಂಬಿದ ಊರಿನಲ್ಲಿ ಬೇರೆಯದನ್ನು ಬಳಸಲು ಯಾವ ಕಾರಣವೂ ಇಲ್ಲ.

ಗನ್, ಕೊಕ್ಕೆ ಮತ್ತು ಒಲೆ

ತೊಳೆದು ಒಣಗಿಸಿದ ತಗಡನ್ನು ಕೊಕ್ಕೆಗೆ ತೂಗುಹಾಕಿ ಸಿಂಪಡಣೆಯ ಗೂಡಿಗೆ ತರುತ್ತಾರೆ. ಗನ್ನಿನ ತುದಿಯಲ್ಲಿ 60ರಿಂದ 100 ಕಿಲೊವೋಲ್ಟ್ ವಿದ್ಯುತ್ ಒತ್ತಡವಿರುತ್ತದೆ. ಹರಿಯುವ ವಿದ್ಯುತ್ತು ಮಾತ್ರ ಮೈಕ್ರೊ ಆಂಪಿಯರಿನಷ್ಟು ಅಲ್ಪ. ಆ ಒತ್ತಡದ ಮೂಲಕ ಹಾಯ್ದ ಪುಡಿಯ ಕಣಗಳು ಆವೇಶಗೊಂಡು, ಅರ್ಥಿಂಗ್ ಆದ ತಗಡಿನತ್ತ ಧಾವಿಸುತ್ತವೆ. ಚಳಿಗಾಲದ ಒಣ ದಿನಗಳಲ್ಲಿ ಬಾಚಿದ ಹಣಿಗೆ ಕಾಗದದ ಚೂರನ್ನು ಸೆಳೆಯುವಂತೆಯೇ ಇದು. ಮುಂದಿನಿಂದ ಸಿಂಪಡಿಸಿದ ಪುಡಿ ಸುತ್ತಿ ಬಂದು ಹಿಂಬದಿಯ ಅಂಚಿಗೂ ಅಂಟುತ್ತದೆ.

ಈ ಆಕರ್ಷಣೆಯ ಅರ್ಧ ಭಾಗ ಗನ್ನಿನದು, ಇನ್ನರ್ಧ ಕೊಕ್ಕೆಯದು. ಹಿಂದಿನ ಸರದಿಗಳ ಬಣ್ಣ ಮೆತ್ತಿ ದಪ್ಪಗಾದ ಕೊಕ್ಕೆ ವಿದ್ಯುತ್ತನ್ನು ಸಾಗಿಸುವುದಿಲ್ಲ. ಆಗ ಪುಡಿ ತಗಡಿಗೆ ಹತ್ತದೆ ಕೆಳಗುದುರುತ್ತದೆ, ಕೆಲಸಗಾರನ ಕೈಗೆ ಚುಟುಕು ತಾಗುತ್ತದೆ, ಕಿಡಿಯೂ ಏಳಬಹುದು. ಗಾಳಿಯಲ್ಲಿ ದಟ್ಟವಾಗಿ ತೇಲುವ ರಾಳದ ಪುಡಿ ಕಿಡಿ ತಾಗಿದರೆ ಸ್ಫೋಟಿಸಬಲ್ಲದು. ಆದುದರಿಂದಲೇ ಗೂಡಿನಲ್ಲಿ ಗಾಳಿಯ ಸೆಳೆತ ಸದಾ ಇರಬೇಕು. ಕೊಕ್ಕೆಯನ್ನು ಸುಟ್ಟೋ ಕೆರೆದೋ ಶುದ್ಧಗೊಳಿಸುವುದು ಯಾರೂ ಗೌರವಿಸದ ಕೆಲಸ. ಹಾಗಿದ್ದೂ ಗೂಡಿನ ಸುರಕ್ಷತೆ ಆ ಕೆಲಸ ಮಾಡುವ ಹುಡುಗನ ಕೈಯಲ್ಲಿದೆ.

ಪೆಟ್ಟಿಗೆಯ ಒಳಮೂಲೆಗಳದ್ದು ಬೇರೆಯೇ ತೊಡಕು. ವಿದ್ಯುತ್ ಕ್ಷೇತ್ರವು ಹತ್ತಿರದ ಅಂಚುಗಳಿಗೆ ಹೋಗುತ್ತದೆಯೇ ಹೊರತು ಮೂಲೆಯ ಆಳಕ್ಕೆ ಇಳಿಯುವುದಿಲ್ಲ. ಫ್ಯಾರಡೆ ಪಂಜರವೆಂದು ಇದಕ್ಕೆ ಹೆಸರು. ಒತ್ತಡ ಏರಿಸಿದರೆ ಮೂಲೆ ಇನ್ನಷ್ಟು ಬರಿದಾಗುತ್ತದೆ. ಅನುಭವಿಗಳು ಒತ್ತಡ ಇಳಿಸಿ, ಗಾಳಿಯನ್ನು ಮೆದುಗೊಳಿಸಿ, ಮೊದಲು ಮೂಲೆಗಳನ್ನು ತುಂಬಿ ಆಮೇಲೆ ಚಪ್ಪಟೆ ಭಾಗಕ್ಕೆ ಬರುತ್ತಾರೆ. ತಿಜೋರಿಯ ಒಳಮೂಲೆಗೆ ಬೆರಳಾಡಿಸಿದರೆ ಈ ನೈಪುಣ್ಯವಿತ್ತೋ ಇಲ್ಲವೋ ತಿಳಿದುಬಿಡುತ್ತದೆ.

ಲೇಪದ ದಪ್ಪ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ. ಆಳೆತ್ತರದ ತಿಜೋರಿಯ ಒಳಹೊರಗೆಲ್ಲ ಸೇರಿ ಸುಮಾರು 16 ಚದರ ಮೀಟರ್ ಎಂದು ಹಿಡಿದರೆ ಅದಕ್ಕೆ ಬೇಕಾಗುವ ಪುಡಿ ಒಂದೂವರೆ ಕಿಲೊ ಆಸುಪಾಸು. ಅಂಟದೆ ಉದುರಿದ ಪುಡಿಯನ್ನು ಸೋಸುಗೆಗಳಲ್ಲಿ ಹಿಡಿದು ಮತ್ತೆ ಬಳಸಬಹುದಾದ್ದರಿಂದ ವ್ಯರ್ಥವಾಗುವುದು ಅತ್ಯಲ್ಪ.

ನಂತರ ಒಲೆ. 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪುಡಿ ಕರಗಿ, ಹರಿದು, ಸಮತಟ್ಟಾಗಿ, ಹತ್ತು ಹದಿನೈದು ನಿಮಿಷಗಳಲ್ಲಿ ಒಳಗೊಳಗೆ ಕೊಂಡಿ ಬೆಸೆದುಕೊಳ್ಳುತ್ತದೆ. ಬೆಂದ ರೊಟ್ಟಿಯನ್ನು ಮತ್ತೆ ಹಿಟ್ಟಾಗಿಸಲಾಗದಂತೆ ಈ ಲೇಪ ಮತ್ತೆ ಕಾಯಿಸಿದರೆ ಕರಗದು. ಇಲ್ಲಿ ನೆನಪಿಡಬೇಕಾದುದು, ಆ ನಿಮಿಷಗಳ ಎಣಿಕೆ ಆರಂಭವಾಗುವುದು ಒಲೆಯ ಗಾಳಿ ಕಾದಾಗ ಅಲ್ಲ, ತಗಡು ಕಾದಾಗ. ದಪ್ಪ ತಗಡು ಕಾಯಲು ಹೆಚ್ಚು ಹೊತ್ತು ಬೇಕು. ಅರೆಬೆಂದ ಲೇಪ ಕಣ್ಣಿಗೆ ಪೂರ್ಣ ಬೆಂದದ್ದರಂತೆಯೇ ಕಾಣುತ್ತದೆ. ತೀಕ್ಷ್ಣ ದ್ರಾವಕದಲ್ಲಿ ನೆನೆಸಿದ ಬಟ್ಟೆಯಿಂದ ಹಲವು ಬಾರಿ ಉಜ್ಜಿದಾಗ ಬಣ್ಣ ಬಟ್ಟೆಗೆ ಬಂದರೆ ಮಾತ್ರ ಗುಟ್ಟು ಬಯಲಾಗುತ್ತದೆ.

ಬಿಸಿಲ ನಾಡಿಗೆ ಮತ್ತೊಂದು ಎಚ್ಚರಿಕೆಯಿದೆ. ಪುಡಿಯ ಚೀಲಗಳನ್ನು ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕೆನ್ನುತ್ತಾರೆ. 40 ಡಿಗ್ರಿ ದಾಟುವ ವಿಜಯಪುರದ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗಿಟ್ಟ ಪುಡಿ ಗಂಟುಕಟ್ಟಿ, ಗನ್ನಿನಿಂದ ಉಗುಳುಗುಳಾಗಿ ಹೊರಬರುತ್ತದೆ.

ಕೊಳ್ಳುವವರು ಕೇಳಬೇಕಾದ್ದು

ಪುಡಿಯಲ್ಲೂ ಜಾತಿಗಳಿವೆ. ಎಪಾಕ್ಸಿ ರಾಳದ್ದು ಗಟ್ಟಿ, ರಾಸಾಯನಿಕಗಳಿಗೂ ಜಗ್ಗದು. ಆದರೆ ಬಿಸಿಲಿನ ಅತಿನೇರಳೆ ಕಿರಣಕ್ಕೆ ಕೆಲವೇ ತಿಂಗಳಲ್ಲಿ ಸುಣ್ಣದಂತೆ ಹುಡಿಯೇಳುತ್ತದೆ. ಎಪಾಕ್ಸಿ ಮತ್ತು ಪಾಲಿಯೆಸ್ಟರ್ ಬೆರೆತದ್ದು ಮನೆಯೊಳಗಿನ ಕಪಾಟಿಗೆ ಸಾಕು. ಹೊಲದ ಪೆಟ್ಟಿಗೆಗೆ ಶುದ್ಧ ಪಾಲಿಯೆಸ್ಟರೇ ಬೇಕು. ಕೊಂಡ ಕೆಲ ತಿಂಗಳ ನಂತರ ಕರಿಬಟ್ಟೆಯಿಂದ ಒರೆಸಿದಾಗ ಬಣ್ಣದ ಹುಡಿ ಮೆತ್ತಿದರೆ, ಒಳಗಿನ ಪುಡಿಯನ್ನು ಹೊರಗೆ ಬಳಸಿದ್ದಾರೆಂದೇ ಬಹುತೇಕ ತಿಳಿಯಬಹುದು. ಪಾಲಿಯೆಸ್ಟರ್ ಪುಡಿಗಳನ್ನು ಗಟ್ಟಿಗೊಳಿಸಲು ಬಳಸುತ್ತಿದ್ದ ಟಿಜಿಐಸಿ ಎಂಬ ವಸ್ತು ವಂಶವಾಹಿಗಳಿಗೆ ಹಾನಿಕರವೆಂಬ ಕಾರಣಕ್ಕೆ ಯುರೋಪ್ 1990ರ ದಶಕದ ಕೊನೆಯಿಂದ ಬೇರೆ ಗಟ್ಟಿಕಾರಕಗಳತ್ತ ಹೊರಳಿತು. ಸಿಂಪಡಿಸುವವರ ಮುಖಕ್ಕೆ ಕರವಸ್ತ್ರ ಸಾಲದು, ಸೂಕ್ತ ಮಾಸ್ಕ್ ಬೇಕೆಂಬುದಕ್ಕೆ ಇಷ್ಟು ಹೇಳಿದರೆ ಸಾಕು.

ಪೆಟ್ಟಿಗೆ ಮನೆಗೆ ಬಂದ ಮೇಲೆ ಮಾಡುವ ತಪ್ಪೊಂದಿದೆ. ಕೇಬಲ್ ಒಯ್ಯಲು ತಗಡಿಗೆ ಡ್ರಿಲ್ಲಿನಿಂದ ಹೊಸ ರಂಧ್ರ ಕೊರೆಯುವುದು. ಏಳು ತೊಟ್ಟಿಗಳ ಶ್ರಮವೆಲ್ಲ ಆ ಒಂದು ವೃತ್ತದಲ್ಲಿ ಕರಗಿಹೋಗುತ್ತದೆ. ಜಂಗು ಅಲ್ಲಿಂದಲೇ ಹೊರಡುತ್ತದೆ. ರಂಧ್ರಗಳು ಎಲ್ಲಿ ಬೇಕೆಂದು ಮೊದಲೇ ಹೇಳಿ, ಲೇಪಕ್ಕೆ ಮುನ್ನವೇ ಹೊಡೆಸಿಕೊಳ್ಳಬೇಕು. ಕೊರೆಯಲೇಬೇಕಾದರೆ ಅಂಚಿಗೆ ಪ್ರೈಮರ್ ಬಳಿದು ರಬ್ಬರಿನ ಬಳೆ ಕೂಡಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಚೆನ್ನಾಗಿ ಲೇಪವಾದ ಪೆಟ್ಟಿಗೆಯಲ್ಲಿಯೇ. ಈ ಲೇಪ ವಿದ್ಯುತ್ತನ್ನು ಸಾಗಿಸದು. ಅರ್ಥಿಂಗ್ ತಂತಿ ಬಿಗಿಯುವ ಬೋಲ್ಟಿನ ಸುತ್ತ, ಬಾಗಿಲನ್ನು ಮೈಗೆ ಜೋಡಿಸುವ ಕಡೆ, ಪುಡಿ ಕೂಡದಂತೆ ಶಾಖ ತಾಳುವ ಟೇಪನ್ನೋ ಟೊಪ್ಪಿಗೆಯನ್ನೋ ಹಾಕಿ ಆಮೇಲೆ ಸಿಂಪಡಿಸಬೇಕು. ಹಾಗೆ ಮಾಡದಿದ್ದಲ್ಲಿ ಅರ್ಥಿಂಗ್ ತಂತಿ ನೋಡುವುದಕ್ಕೆ ಬಿಗಿಯಾಗಿದ್ದರೂ ಬಣ್ಣದ ಮೇಲೆ ಕೂತಿರುತ್ತದೆ, ಲೋಹವನ್ನು ಮುಟ್ಟಿರುವುದಿಲ್ಲ. ಒಳಗೆ ತಂತಿಯ ಕವಚ ಸುಲಿದು ತಗಡಿಗೆ ತಾಗಿದ ದಿನ ವಿದ್ಯುತ್ತಿಗೆ ನೆಲ ಸೇರುವ ದಾರಿ ಸಿಗದೆ ಇಡೀ ಪೆಟ್ಟಿಗೆ ಜೀವಂತವಾಗುತ್ತದೆ. ಗೀರು ಬಿದ್ದ ಅಂಚನ್ನೋ ಚಿಲಕವನ್ನೋ ಬಣ್ಣವಿಲ್ಲದ ಸ್ಕ್ರೂವನ್ನೋ ಮುಟ್ಟುವವನು, ರಾತ್ರಿ ಪಾಳಿಯ ಕರೆಂಟು ಬಂದಾಗ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತ ರೈತ.

ಇದನ್ನು ಪರೀಕ್ಷಿಸುವುದು ಎರಡು ನಿಮಿಷದ ಕೆಲಸ. ಪೆಟ್ಟಿಗೆಗೆ ವಿದ್ಯುತ್ ಜೋಡಿಸುವ ಮೊದಲು, ವೈರಿಂಗ್ ಬಲ್ಲವರು ಮಲ್ಟಿಮೀಟರಿನ ಒಂದು ತುದಿಯನ್ನು ಅರ್ಥಿಂಗ್ ಬೋಲ್ಟಿಗೂ ಇನ್ನೊಂದನ್ನು ಬಾಗಿಲಿನ ಬಣ್ಣವಿಲ್ಲದ ಲೋಹಕ್ಕೂ ಹಿಡಿದು ನೋಡಬೇಕು. ಓಮ್ ಅಂಕಿ ಸೊನ್ನೆಯ ಹತ್ತಿರವಿರಬೇಕು. ಇಲ್ಲದಿದ್ದರೆ ಬೋಲ್ಟನ್ನು ಬಿಚ್ಚಿ, ಅದರ ಅಡಿಯ ಬಣ್ಣವನ್ನು ಲೋಹ ಕಾಣುವತನಕ ಕೆರೆದು, ಹಲ್ಲಿರುವ ವಾಷರ್ ಕೂಡಿಸಿ ಮತ್ತೆ ಬಿಗಿದು, ಇನ್ನೊಮ್ಮೆ ಅಳೆಯಬೇಕು.